ಪ್ರಗತಿ ಪತ್ರದಲ್ಲಿಲ್ಲದ ಪುಟ

ಏಪ್ರಿಲ್ ತಿಂಗಳ ಕೊನೆಯಲ್ಲಿ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಎರಡು ಕಾಗದಗಳಿಗೆ ಎಲ್ಲಿಲ್ಲದ ಮಹತ್ವ. ಒಂದು ಊರಿಗೆ ಹೋಗುವ ರೈಲಿನ ಟಿಕೇಟು. ಇನ್ನೊಂದು ಮಕ್ಕಳ ಪ್ರೋಗ್ರೆಸ್ ಕಾರ್ಡು. ಟಿಕೇಟು ಖಾಯಂ ಆಯಿತೇ ಎಂದು ನೋಡುವ ಆತುರದಲ್ಲಿಯೇ ನಾವು ಕಾರ್ಡಿನ ಅಡಿಯಲ್ಲಿರುವ ಮೊತ್ತವನ್ನೂ ನೋಡುತ್ತೇವೆ. ಶೇಕಡಾ ಎಷ್ಟು? ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ? ಎದುರು ಮನೆಯವರ ಮಗಳಿಗೆ ಎಷ್ಟಂತೆ? ಇಷ್ಟು ಕೇಳಿ ಮುಗಿದ ಮೇಲೆ ಕಾರ್ಡು ಕಪಾಟು ಸೇರುತ್ತದೆ, ನಾವು ಊರಿನ ಗಂಟು ಕಟ್ಟಲು ತೊಡಗುತ್ತೇವೆ.

ಹಲವು ಶಾಲೆಗಳ ಕಾರ್ಡಿನಲ್ಲಿ ಇನ್ನೂ ಎರಡು ಅಂಕಣಗಳಿರುತ್ತವೆ, ಅವನ್ನು ಯಾರೂ ಓದುವುದಿಲ್ಲ. ಎತ್ತರ ಮತ್ತು ತೂಕ. ವರ್ಷದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಳೆದು ಬರೆಯುತ್ತಾರೆ. ನಾನೂ ಎಷ್ಟೋ ವರ್ಷ ಹಾಗೆ ಬರೆದಿದ್ದೇನೆ. ಬರೆಯುತ್ತಾ ಒಮ್ಮೆ ನನಗೆ ಅನ್ನಿಸಿತು: ಇಡೀ ಕಾರ್ಡಿನಲ್ಲಿ ‘ಬೆಳವಣಿಗೆ’ ಎಂದು ನಿಸ್ಸಂಶಯವಾಗಿ ಹೇಳಬಹುದಾದದ್ದು ಈ ಎರಡೇ. ಉಳಿದದ್ದೆಲ್ಲ ಆಯಾ ದಿನ ಆಯಾ ಪ್ರಶ್ನೆಪತ್ರಿಕೆಗೆ ಬರೆದ ಉತ್ತರಗಳ ಲೆಕ್ಕ. ಕೊನೆಗೆ ‘ನಡತೆ’ ಎಂಬ ಸಾಲಿನ ಎದುರು ನಲವತ್ತೆಂಟು ಹುಡುಗಿಯರಿಗೂ ನಾವು ಬರೆಯುತ್ತಿದ್ದದ್ದು ಒಂದೇ ಮಾತು, ‘ಉತ್ತಮ’. ಒಂದು ವರ್ಷದ ಬಾಳು ಆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

ಮುಂಬಯಿಯ ಪಶ್ಚಿಮ ಉಪನಗರವೊಂದರ ಕೆಥೊಲಿಕ್ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು 1991ರಿಂದ 2022ರವರೆಗೆ ಗಣಿತ ಕಲಿಸಿದೆ. ನಾನು ಕ್ರೈಸ್ತಳಲ್ಲ. ನನ್ನ ತರಗತಿಯ ಬಹುಪಾಲು ಹುಡುಗಿಯರೂ ಅಲ್ಲ. ನಮ್ಮವರ ಮಕ್ಕಳು, ಮರಾಠಿ ಮತ್ತು ಗುಜರಾತಿ ಮಕ್ಕಳು, ಮುಸ್ಲಿಂ ಮಕ್ಕಳು, ಗೋವೆಯ ಮತ್ತು ಮಂಗಳೂರಿನ ಕೊಂಕಣಿ ಮಾತಿನ ಮಕ್ಕಳು, ಎಲ್ಲರೂ ಒಂದೇ ಬೆಂಚಿನಲ್ಲಿ. ಆ ಶಾಲೆಯಲ್ಲಿ ವರ್ಷದ ಕೊನೆಗೆ ಪ್ರೋಗ್ರೆಸ್ ಕಾರ್ಡಿನ ಜೊತೆಗೆ ಇನ್ನೊಂದು ಕಾಗದವೂ ಇತ್ತು. ಅದನ್ನು ಕುರಿತು, ಅದರ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಕುರಿತು, ಹೊರನಾಡ ಕನ್ನಡಿಗರಾದ ನಮಗೆ ಅದರಿಂದ ಕಲಿಯಲು ಏನಿದೆ ಎಂಬುದನ್ನು ಕುರಿತು ಈ ಲೇಖನ.

ಮೊದಲಿಗೆ ಒಂದು ಹಿನ್ನೆಲೆ. ಕಾನ್ವೆಂಟಿಗೆ ಮಗಳನ್ನು ಕಳುಹಿಸುವುದು ಕರಾವಳಿಯ ಕನ್ನಡಿಗರಿಗೆ ಮುಂಬಯಿಗೆ ಬಂದ ಮೇಲೆ ಹುಟ್ಟಿದ ಹವ್ಯಾಸವೇನೂ ಅಲ್ಲ. ಸೋಫಿ ಲೀವ್ಸ್ ಎಂಬ ಇಂಗ್ಲಿಷ್ ಮಹಿಳೆ ಮದರ್ ವೆರೋನಿಕಾ ಎಂಬ ಹೆಸರಿನಲ್ಲಿ ಸನ್ಯಾಸಿನಿಯಾಗಿ, ಫ್ರಾನ್ಸಿನ ಬಯೋನ್ ಊರಿನಲ್ಲಿ 1868ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯ ಸನ್ಯಾಸಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದರು. ಅದೇ ಸಂಸ್ಥೆಯಿಂದ 1921ರಲ್ಲಿ ಮಂಗಳೂರಿನ ಸಂತ ಆಗ್ನೆಸ್ ಕಾಲೇಜು ಹುಟ್ಟಿತು. ಹೆಣ್ಣಿಗೆ ಕಾಲೇಜು ಎಂಬ ಕಲ್ಪನೆಯೇ ಅಪರೂಪವಾಗಿದ್ದ ಕಾಲ ಅದು. ಜಾತಿ ಧರ್ಮಗಳ ಭೇದವಿಲ್ಲದೆ ದಕ್ಷಿಣ ಕನ್ನಡದ ಅದೆಷ್ಟೋ ಮನೆಗಳಲ್ಲಿ ಮೊದಲ ಪದವೀಧರೆ ಆ ಮೆಟ್ಟಿಲುಗಳನ್ನು ಹತ್ತಿ ಬಂದವಳೇ ಆಗಿದ್ದಾಳೆ.

ಈ ಶಾಲೆಗಳನ್ನು ನಡೆಸಿದ ಹೆಂಗಸರ ಕಥೆಯೂ ಸುಲಭದ್ದಲ್ಲ. ಇಂಗ್ಲೆಂಡಿನ ಮೇರಿ ವಾರ್ಡ್ 1609ರಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕೆಂದು ಒಂದು ಸನ್ಯಾಸಿನೀ ಸಂಸ್ಥೆ ಆರಂಭಿಸಿದರು. ಸನ್ಯಾಸಿನಿಯರು ಮಠದ ಗೋಡೆಯೊಳಗೇ ಇರಬೇಕು ಎಂಬ ನಿಯಮವನ್ನು ಒಪ್ಪದ ಕಾರಣಕ್ಕೆ 1631ರಲ್ಲಿ ಪೋಪರ ಆಜ್ಞೆಯಿಂದಲೇ ಆ ಸಂಸ್ಥೆ ರದ್ದಾಯಿತು. ಮೇರಿ ವಾರ್ಡ್ ಮ್ಯೂನಿಕ್ ನಗರದ ಒಂದು ಮಠದಲ್ಲಿ ಸೆರೆಯಾಳಾದರು. ಅವರನ್ನು ಸಂಸ್ಥಾಪಕಿ ಎಂದು ಚರ್ಚು ಒಪ್ಪಿಕೊಂಡದ್ದು 1909ರಲ್ಲಿ. ಅವರ ಪರಂಪರೆಗೆ ಸೇರಿದ ಲೊರೆಟೊ ಸಿಸ್ಟರುಗಳು ಅದಕ್ಕೆ ಎಷ್ಟೋ ಮೊದಲೇ, 1842ರಲ್ಲಿ, ಕಲ್ಕತ್ತೆಯಲ್ಲಿ ಶಾಲೆ ತೆರೆದಿದ್ದರು. ಹೆಣ್ಣು ತನ್ನ ಒಳಗನ್ನು ತಾನೇ ನೋಡಿಕೊಂಡು ತೀರ್ಮಾನ ತೆಗೆದುಕೊಳ್ಳಬಲ್ಲಳು ಎಂದು ನಂಬಿದ್ದಕ್ಕೆ ಆಕೆ ತೆತ್ತ ಬೆಲೆ ಇದು.

ಕಾನ್ವೆಂಟಿಗೆ ಹಾಕಿದರೆ ಮಗಳು ಮತಾಂತರವಾಗಿಬಿಡುತ್ತಾಳೆ ಎಂಬ ಅಂಜಿಕೆ ನಮ್ಮ ಕೆಲವರಲ್ಲಿದೆ. ಸರಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೆಯ ವಿಧಿಯಲ್ಲೇ ಅದು ಸ್ಪಷ್ಟವಾಗಿದೆ. ನಮ್ಮ ಶಾಲೆಯಲ್ಲಿ ಕೆಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ನೀತಿಪಾಠ ನಡೆಯುತ್ತಿತ್ತು. ಮೂವತ್ತೊಂದು ವರ್ಷಗಳಲ್ಲಿ ನಾನು ಕಂಡ ಅಪಾಯ ಮತಾಂತರದ್ದಲ್ಲ, ಅದು ಬೇರೆಯೇ. ಮುಂದೆ ಹೇಳುತ್ತೇನೆ.

ಈಗ ಆ ಕಾಗದದ ವಿಷಯ. 1990ರ ದಶಕದ ನಡುಭಾಗದಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿಯಾಗಿದ್ದ ಸಿಸ್ಟರ್ ಒಬ್ಬರು ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಹುಡುಗಿಯರಿಗೆ ವಾರ್ಷಿಕ ಪರೀಕ್ಷೆಗೆ ಮುನ್ನ ಒಂದು ಗಂಟೆ ಬಿಡುವು ಕೊಟ್ಟು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಲು ಹೇಳುತ್ತಿದ್ದರು. ಈ ವರ್ಷ ನೀನು ಯಾರಿಗೆ, ಯಾವುದಕ್ಕೆ ಕೃತಜ್ಞಳಾಗಿದ್ದೀಯೆ? ಪುಸ್ತಕದಲ್ಲಿಲ್ಲದ ಯಾವುದನ್ನು ಕಲಿತೆ? ಎಲ್ಲಿ ಎಡವಿದೆ, ಯಾರನ್ನು ನೋಯಿಸಿದೆ? ಬರುವ ಜೂನಿನಿಂದ ಮಾಡಬೇಕೆಂದಿರುವ ಒಂದು ಕೆಲಸ ಯಾವುದು? ನಿಯಮಗಳು ಮೂರೇ. ಅಂಕ ಕೊಡಬಾರದು. ಕೆಂಪು ಶಾಯಿ ತಾಗಿಸಬಾರದು. ತರಗತಿಯ ಶಿಕ್ಷಕಿ ಒಮ್ಮೆ ಓದಿ, ಲಕೋಟೆಯಲ್ಲಿ ಹಾಕಿ ಅಂಟಿಸಿ, ಜೂನಿನಲ್ಲಿ ಶಾಲೆ ತೆರೆದ ದಿನ ಹುಡುಗಿಗೇ ಮರಳಿಸಬೇಕು.

ಇದು ಸಿಸ್ಟರ್ ತಾವಾಗಿ ಹೂಡಿದ್ದೇನೂ ಅಲ್ಲ. ಲೊಯೋಲದ ಸಂತ ಇಗ್ನೇಷಿಯಸರು ರಚಿಸಿ, 1548ರಲ್ಲಿ ಅಚ್ಚಾದ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ದಿನಾಂತ್ಯದ ಆತ್ಮಶೋಧನೆಯ ಕ್ರಮವೊಂದಿದೆ. ಅದಕ್ಕೆ ಐದು ಹೆಜ್ಜೆಗಳು: ಪಡೆದುದಕ್ಕೆ ಕೃತಜ್ಞತೆ, ತನ್ನ ತಪ್ಪನ್ನು ಕಾಣುವ ಬೆಳಕಿಗಾಗಿ ಪ್ರಾರ್ಥನೆ, ಕಳೆದ ದಿನವನ್ನು ಗಂಟೆ ಗಂಟೆಯಾಗಿ ನೆನೆಯುವುದು, ತಪ್ಪಿಗೆ ಕ್ಷಮೆ ಬೇಡುವುದು, ನಾಳೆಯ ಸಂಕಲ್ಪ. ಕೆಥೊಲಿಕ್ ಶಾಲೆಗಳಲ್ಲಿ ಇದು ಬಗೆಬಗೆಯ ರೂಪದಲ್ಲಿ ಉಳಿದು ಬಂದಿದೆ. ಗಣಿತದವಳಾದ ನನ್ನನ್ನು ಸೆಳೆದದ್ದು ಆ ಹೆಜ್ಜೆಗಳ ಅನುಕ್ರಮ. ಕೃತಜ್ಞತೆ ಮೊದಲು, ತಪ್ಪು ಆಮೇಲೆ. ನಮ್ಮ ಮನೆಗಳಲ್ಲಿ ವರ್ಷಾಂತ್ಯದ ವಿಚಾರಣೆ ಆರಂಭವಾಗುವುದೇ ತಪ್ಪಿನಿಂದ: ಮೂರು ಅಂಕ ಎಲ್ಲಿ ಹೋಯಿತು? ಪಡೆದದ್ದೇನು ಎಂದು ಮೊದಲು ಎಣಿಸಿದವರಿಗೆ ಕಳೆದದ್ದನ್ನು ಒಪ್ಪಿಕೊಳ್ಳುವ ಧೈರ್ಯ ಬರುತ್ತದೆ. ಇಷ್ಟು ಸರಳವಾದದ್ದು ತಿಳಿಯಲು ನನಗೆ ಹಲವು ವರ್ಷ ಹಿಡಿಯಿತು, ಅದಕ್ಕಾಗಿ ಒಬ್ಬ ಹುಡುಗಿ ನಷ್ಟ ಅನುಭವಿಸಬೇಕಾಯಿತು.

ಅದು 1998ರ ಮಾತು. ಎಂಟನೆಯ ತರಗತಿ ನನ್ನದು. ಗುರುತು ಸಿಗುವ ವಿವರಗಳನ್ನೆಲ್ಲ ಬಿಟ್ಟು ಹೇಳುತ್ತೇನೆ. ಲೆಕ್ಕದಲ್ಲಿ ಬಹಳ ಚುರುಕಾದ ಒಬ್ಬ ಹುಡುಗಿ ಮೂರನೆಯ ಪ್ರಶ್ನೆಗೆ ಉತ್ತರವಾಗಿ, ಆ ವರ್ಷದ ಒಂದು ಘಟಕ ಪರೀಕ್ಷೆಯಲ್ಲಿ ಪಕ್ಕದಲ್ಲಿದ್ದ ಗೆಳತಿಗೆ ತನ್ನ ಉತ್ತರಗಳನ್ನು ತೋರಿಸಿದೆನೆಂದು ಬರೆದಿದ್ದಳು. ಗೆಳತಿಯ ತಂದೆ ತೀರಿಕೊಂಡು ತಿಂಗಳೂ ಕಳೆದಿರಲಿಲ್ಲ. ‘ಅವಳು ಅಳುತ್ತಿದ್ದಳು, ಕಾಗದ ಖಾಲಿಯಿತ್ತು. ನಾನು ಮಾಡಿದ್ದು ತಪ್ಪೆಂದು ಗೊತ್ತು. ಮಾಡದಿದ್ದರೆ ಅದೂ ತಪ್ಪಾಗುತ್ತಿತ್ತೇ ಎಂದು ಇನ್ನೂ ಗೊತ್ತಾಗಿಲ್ಲ’ ಎಂಬ ಅರ್ಥದ ಮಾತುಗಳು.

ಹದಿಮೂರು ವರ್ಷದ ಮಗುವೊಂದು ಧರ್ಮಸಂಕಟ ಎಂದರೇನೆಂದು ತಾನಾಗಿ ಕಂಡುಕೊಂಡ ಗಳಿಗೆ ಅದು. ನನಗೆ ಅದು ಕಾಣಲಿಲ್ಲ. ನನಗೆ ಕಂಡದ್ದು ನನ್ನ ಪರೀಕ್ಷೆಯಲ್ಲಿ ನಡೆದ ನಕಲು. ಅವಳನ್ನು ಸ್ಟಾಫ್ ರೂಮಿಗೆ ಕರೆಸಿ ಗದರಿಸಿದೆ. ಸಾಲದ್ದಕ್ಕೆ ಪಾಲಕರ ಭೇಟಿಯ ದಿನ ಅವಳ ತಾಯಿಗೂ ಹೇಳಿದೆ. ತಾಯಿ ನನ್ನೆದುರೇ ಮಗಳತ್ತ ತಿರುಗಿ ನೋಡಿದ ನೋಟ ನೆನಪಿದೆ. ಹುಡುಗಿ ಅಳಲಿಲ್ಲ, ಏನೂ ಹೇಳಲಿಲ್ಲ.

ಮರುವರ್ಷವೂ ಅವಳು ನನ್ನ ತರಗತಿಯಲ್ಲೇ ಇದ್ದಳು. ಮತ್ತೆ ಆ ಒಂದು ಗಂಟೆ, ಆ ನಾಲ್ಕು ಪ್ರಶ್ನೆಗಳು. ಅವಳ ಪುಟ ಅಚ್ಚುಕಟ್ಟಾಗಿತ್ತು. ತಂದೆತಾಯಿಯರಿಗೂ ಗುರುಗಳಿಗೂ ಕೃತಜ್ಞಳು. ಶಿಸ್ತನ್ನು ಕಲಿತೆ. ಕೆಲವೊಮ್ಮೆ ಸಮಯ ವ್ಯರ್ಥ ಮಾಡಿದೆ. ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಆ ಪುಟದಲ್ಲಿ ಆ ಹುಡುಗಿಯೂ ಇರಲಿಲ್ಲ. ಉಳಿದ ಲಕೋಟೆಗಳನ್ನು ತೆರೆದಾಗ ಇನ್ನಷ್ಟು ಗಾಬರಿಯಾಯಿತು. ಸುಮಾರು ಅರ್ಧ ತರಗತಿ ಅವೇ ನಾಲ್ಕು ವಾಕ್ಯಗಳನ್ನು ಬರೆದಿತ್ತು. ಹುಡುಗಿಯರಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಟೀಚರು ಓದಿ ಮನೆಗೆ ಹೇಳುತ್ತಾರೆ ಎಂಬುದು ಎಲ್ಲರಿಗೂ ತಿಳಿದಿತ್ತು.

ಆ ಸಂಜೆ ಸಿಸ್ಟರ್ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನನ್ನು ಗದರಿಸಲಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿಯಾದವನು ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ ಎಂಬ ತಮ್ಮ ಧರ್ಮದ ನಿಯಮವನ್ನು ನೆನಪಿಸಿದರು. ‘ನಮ್ಮ ಪುಟ ಪಾಪನಿವೇದನೆಯಲ್ಲ ಟೀಚರ್. ಆದರೆ ಒಬ್ಬರು ತಮ್ಮ ಬಾಗಿಲನ್ನು ತಾವೇ ತೆರೆದಾಗ ಒಳಗೆ ಹೋಗಿ ಸಾಮಾನು ಎಣಿಸಬಾರದು’ ಎಂದರು. ಆ ಮಾತನ್ನು ನಾನು ಮರೆತಿಲ್ಲ. ಮುಂದಿನ ಹಲವು ವರ್ಷ ಆ ಪುಟಗಳಲ್ಲಿ ನಂಬಿಕೆ ಮರಳಿ ಬರುವುದನ್ನು ಕಾಯುತ್ತಾ ಕಳೆದೆ. ಬಂತು, ಆದರೆ ಬಹಳ ನಿಧಾನವಾಗಿ. ನಾನು ನೋಯಿಸಿದ ಆ ಹುಡುಗಿ ಅಷ್ಟರಲ್ಲಿ ಹತ್ತನೆಯದು ಮುಗಿಸಿ ಹೊರಟುಹೋಗಿದ್ದಳು.

ಈ ಹಳೆಯ ಕಥೆಯನ್ನು ಈಗ ತೆಗೆಯಲು ಕಾರಣವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ‘ಸಮಗ್ರ ಪ್ರಗತಿ ಪತ್ರ’ದ ಪ್ರಸ್ತಾಪವಿದೆ. ಶಿಕ್ಷಕರ ಮೌಲ್ಯಮಾಪನದ ಜೊತೆಗೆ ಮಗು ತನ್ನನ್ನು ತಾನೇ ಅಳೆದುಕೊಳ್ಳಬೇಕು, ಸಹಪಾಠಿಗಳೂ ಅಳೆಯಬೇಕು ಎಂಬುದು ಅದರ ಆಶಯ. ಆಶಯದ ಬಗ್ಗೆ ನನ್ನ ತಕರಾರಿಲ್ಲ. ಎತ್ತರ ತೂಕಗಳಾಚೆಗೂ ಬೆಳವಣಿಗೆಯಿದೆ ಎಂದು ಸರಕಾರವೇ ಒಪ್ಪಿಕೊಂಡಂತಾಯಿತು. ಆದರೆ ಹಿಂದಿನ ಅನುಭವ ಎಚ್ಚರಿಸುತ್ತದೆ. ಕೇಂದ್ರೀಯ ಮಂಡಳಿ 2009ರಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ತಂದು 2017ರಲ್ಲಿ ಕೈಬಿಟ್ಟಿತು. ಆ ವರ್ಷಗಳಲ್ಲಿ ಮಕ್ಕಳ ಸಹಾನುಭೂತಿಗೂ ಮನೋಭಾವಕ್ಕೂ ಶ್ರೇಣಿ ತುಂಬುತ್ತಾ ಕೈಸೋತ ಗೆಳತಿಯರು ನನಗಿದ್ದಾರೆ. ಮಗು ತನ್ನ ಬಗ್ಗೆ ಬರೆದುಕೊಂಡದ್ದು ಕಡತ ಸೇರಿ, ಪಾಲಕರ ಕೈಗೂ ಬಂದು, ಅದಕ್ಕೊಂದು ದರ್ಜೆಯೂ ಸಿಗುವಂತಾದರೆ ಏನಾಗುತ್ತದೆ? 1999ರಲ್ಲಿ ನನ್ನ ತರಗತಿಯಲ್ಲಿ ಆದದ್ದೇ ದೇಶದ ತರಗತಿಗಳಲ್ಲಿ ಆಗುತ್ತದೆ. ಮಕ್ಕಳು ನಮಗೆ ಬೇಕಾದ ನಾಲ್ಕು ವಾಕ್ಯಗಳನ್ನು ಬರೆದುಕೊಟ್ಟು ತಮ್ಮನ್ನು ತಾವು ಬಚ್ಚಿಟ್ಟುಕೊಳ್ಳುತ್ತಾರೆ. ಬೆಳವಣಿಗೆಯನ್ನು ಕಾಣಬೇಕೆಂದರೆ ಅದನ್ನು ಅಳೆಯುವ ಆಸೆಯನ್ನು ಒಂದಿಷ್ಟು ಹೊತ್ತಾದರೂ ಬಿಡಬೇಕು. ನನ್ನ ಅಭಿಪ್ರಾಯದ ತಿರುಳು ಇಷ್ಟೇ.

ಇನ್ನು ಭಾಷೆಯ ಮಾತು. ಕಾನ್ವೆಂಟಿನ ನಿಜವಾದ ಅಪಾಯ ಬೇರೆಯೆಂದು ಮೇಲೆ ಹೇಳಿದೆನಲ್ಲ, ಅದು ಇಲ್ಲಿದೆ. 1970ರ ದಶಕದಲ್ಲಿ ಕರಾವಳಿಯ ಒಂದು ಊರಿನಲ್ಲಿ ನಾನು ಓದುತ್ತಿದ್ದಾಗ ತರಗತಿಯಲ್ಲಿ ಕನ್ನಡ ಅಥವಾ ತುಳು ಮಾತಾಡಿದರೆ ಐದು ಪೈಸೆ ದಂಡ. ಆ ಶಾಲೆಯ ಹೆಸರು ಇಲ್ಲಿ ಬೇಡ; ಆಗ ಹಲವೆಡೆ ಹಾಗೆಯೇ ಇತ್ತು. ದಂಡದ ಹಣ ದೊಡ್ಡದಲ್ಲ. ಬೀಳುವಾಗ ‘ಅಯ್ಯೋ’ ಎಂದದ್ದಕ್ಕೂ ದಂಡ ಕೊಟ್ಟ ಮಗು ಮುಂದೆ ತನ್ನ ನೋವನ್ನು ಯಾವ ಭಾಷೆಯಲ್ಲಿ ನೆನೆದೀತು?

2022ರ ಏಪ್ರಿಲ್, ನನ್ನ ನಿವೃತ್ತಿಯ ವರ್ಷ. ಕೊರೋನಾದ ದೆಸೆಯಿಂದ ಮುಚ್ಚಿದ್ದ ಮೇಲಿನ ತರಗತಿಗಳು 2021ರ ಅಕ್ಟೋಬರಿನಲ್ಲಷ್ಟೇ ಮತ್ತೆ ತೆರೆದಿದ್ದವು. ಒಂಬತ್ತನೆಯ ತರಗತಿಯಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗಿಯಿದ್ದಳು. ತಂದೆ ಒಂದು ಕಚೇರಿಯ ಕ್ಯಾಂಟೀನು ನಡೆಸುತ್ತಿದ್ದರು. ಕಚೇರಿಗಳು ಮುಚ್ಚಿದಾಗ ಕ್ಯಾಂಟೀನೂ ಮುಚ್ಚಿತು, ಬಾಡಿಗೆ ಮನೆಯೂ ಹೋಯಿತು. ಇಡೀ ಸಂಸಾರ ಸೋದರಮಾವನ ಆಶ್ರಯಕ್ಕೆ ಬಂತು. ಅವಳ ಅನುಮತಿ ಕೇಳಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಎರಡನೆಯ ಪ್ರಶ್ನೆಗೆ ಅವಳು ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದಳು: ಮಾವ ಬಹಳ ಒಳ್ಳೆಯವರು, ಯಾರೂ ಒಂದು ಮಾತೂ ಆಡಿಲ್ಲ, ಆದರೂ ಆ ಮನೆಯಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಇದಕ್ಕೆ ಏನೆನ್ನುತ್ತಾರೆಂದು ಅಜ್ಜಿಯನ್ನು ಕೇಳಿದೆ. ಅಲ್ಲಿಂದ ಮುಂದೆ ಸಾಲಿನ ನಡುವೆ, ವಕ್ರವಾದ ಅಕ್ಷರಗಳಲ್ಲಿ, ಒಂದೇ ಒಂದು ಕನ್ನಡ ಪದ: ಹಂಗು.

ಆಗಿನ ಮುಖ್ಯೋಪಾಧ್ಯಾಯಿನಿಗೆ ಕನ್ನಡ ಬಾರದು. ಲಕೋಟೆಗೆ ಹಾಕುವ ಮುನ್ನ ಅವರನ್ನು ಕಂಡು, ಹುಡುಗಿಯ ಹೆಸರಾಗಲಿ ಸಂಗತಿಯಾಗಲಿ ಹೇಳದೆ, ಒಂದು ಪುಟದಲ್ಲಿ ಕನ್ನಡ ಪದವಿದೆ, ಇರಬಹುದೇ ಎಂದು ಕೇಳಿದೆ. ಅರ್ಥವೇನೆಂದರು. ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸೋತೆ. ಸಾಲ ಎನ್ನೋಣವೆಂದರೆ ಸಾಲವನ್ನು ತೀರಿಸಬಹುದು. ಉಪಕಾರ ಎನ್ನೋಣವೆಂದರೆ ಅದರಲ್ಲಿ ಮುಳ್ಳಿಲ್ಲ. ಕೊಟ್ಟವರು ಏನೂ ಅನ್ನದಿದ್ದರೂ ಪಡೆದವರ ತಲೆಯನ್ನು ತಗ್ಗಿಸುವಂಥದು ಎಂದು ಕೊನೆಗೆ ಬಿಡಿಸಿ ಹೇಳಿದೆ. ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಿದ್ದರೆ ಅದು ಅಲ್ಲೇ ಇರಲಿ’ ಎಂದರು.

ಆ ವರ್ಷ ಅವಳ ಗಣಿತದ ಅಂಕ ಕಡಿಮೆಯಾಗಿತ್ತು. ಕಾರ್ಡಿನಲ್ಲಿ ಹಾಗೆಯೇ ಬರೆದೆ. ಆದರೆ ಅವಳು ಬೆಳೆದಿದ್ದಳು. ತನ್ನ ಅನುಭವಕ್ಕೆ ಸರಿಯಾದ ಹೆಸರನ್ನು ಹುಡುಕಿ, ಅದು ಶಾಲೆಯ ಭಾಷೆಯಲ್ಲಿ ಸಿಗದಾಗ ಅಜ್ಜಿಯ ಬಳಿ ಹೋಗಿ ಕೇಳಿ ತಂದಿದ್ದಳು. ಆ ಅಜ್ಜಿ ಇಲ್ಲದಿದ್ದರೆ? ಅಥವಾ ಅಜ್ಜಿ ಇದ್ದೂ ನಡುವೆ ಮಾತು ನಿಂತುಹೋಗಿದ್ದರೆ? ಹೊರನಾಡಿನಲ್ಲಿ ಕನ್ನಡ ಉಳಿಯಬೇಕು ಎಂದು ವೇದಿಕೆಗಳಲ್ಲಿ ಹೇಳುವಾಗ ನಾವು ಸಾಹಿತ್ಯ, ನಾಟಕ, ರಾಜ್ಯೋತ್ಸವಗಳ ಮಾತಾಡುತ್ತೇವೆ. ಒಂದು ಮಗು ತನ್ನ ಮನಸ್ಸನ್ನು ತಾನು ಅರಿಯಲು ಕನ್ನಡ ಬೇಕಾಗಬಹುದು ಎಂಬುದನ್ನು ನಾನಂತೂ ಆ ದಿನದವರೆಗೆ ಯೋಚಿಸಿರಲಿಲ್ಲ.

ಹಾಗೆ ನೋಡಿದರೆ ತನ್ನನ್ನು ತಾನು ಶೋಧಿಸಿಕೊಳ್ಳುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಇಗ್ನೇಷಿಯಸರಿಗಿಂತ ನಾಲ್ಕು ಶತಮಾನ ಮೊದಲೇ, 12ನೆಯ ಶತಮಾನದ ಶರಣೆಯರು ತಮ್ಮ ಒಳಗನ್ನು ತಾವೇ ವಿಚಾರಿಸಿಕೊಂಡು ಉತ್ತರವನ್ನು ಆಡುಮಾತಿನ ಕನ್ನಡದಲ್ಲೇ ಹೇಳಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ತಡೆದು ಪ್ರಶ್ನಿಸಿದ ಆಯ್ದಕ್ಕಿ ಲಕ್ಕಮ್ಮನಿಗೆ ಯಾವ ಶಾಲೆಯೂ ಪ್ರಗತಿ ಪತ್ರ ಕೊಟ್ಟಿರಲಿಲ್ಲ. ಕಾನ್ವೆಂಟಿನ ಆ ಒಂದು ಗಂಟೆಯ ಅಭ್ಯಾಸವನ್ನೂ ನಮ್ಮ ಮಾತಿನ ಈ ಪರಂಪರೆಯನ್ನೂ ಒಂದು ಮಗುವಿನೊಳಗೆ ಕೂಡಿಸುವ ಅವಕಾಶ ಹೊರನಾಡಿನಲ್ಲಿರುವ ನಮಗೆ ಇದೆ. ಶಾಲೆ ಪ್ರಶ್ನೆಯನ್ನು ಕೊಟ್ಟೀತು. ಪದಗಳನ್ನು ಮನೆಯೇ ಕೊಡಬೇಕು.

ಆದುದರಿಂದ ಓದುಗರಲ್ಲಿ ನನ್ನ ವಿನಂತಿ ಸಣ್ಣದು. ಈ ಸಲ ಊರಿಗೆ ಹೋಗುವ ರೈಲಿನಲ್ಲಿ, ರತ್ನಾಗಿರಿ ದಾಟಿದ ಮೇಲೆ ಬೇಕಾದಷ್ಟು ಹೊತ್ತಿರುತ್ತದೆ. ಮಗಳನ್ನೋ ಮೊಮ್ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಆ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಇದ್ದರೆ ಅದರಲ್ಲೇ ಕೇಳಿ. ಅವಳ ವ್ಯಾಕರಣ ತಿದ್ದಬೇಡಿ, ನಡುವೆ ಇಂಗ್ಲಿಷ್ ಬಂದರೆ ಬರಲಿ. ಕೇಳಿದ್ದನ್ನು ಊರಿನ ಜಗಲಿಯಲ್ಲಿ ಹತ್ತು ಜನರೆದುರು ಹೇಳಬೇಡಿ. ಮೊದಲು ನೀವೇ ನಿಮ್ಮ ಉತ್ತರ ಹೇಳಿದರೆ ಇನ್ನೂ ಒಳ್ಳೆಯದು; ವರ್ಷವೊಂದರಲ್ಲಿ ಎಡವುವವರು ಮಕ್ಕಳು ಮಾತ್ರ ಅಲ್ಲವಲ್ಲ.

ನಮ್ಮ ಸಂಘಗಳಿಗೂ ಒಂದು ಮಾತು. ಪ್ರತಿವರ್ಷ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಮಾಡುತ್ತೇವೆ. ಮಾಡೋಣ, ಅದು ಅವರ ಶ್ರಮಕ್ಕೆ ಸಲ್ಲುವ ಮರ್ಯಾದೆ. ಆದರೆ ಅದೇ ಸಭಾಂಗಣದ ಕೊನೆಯ ಸಾಲಿನಲ್ಲಿ ಅಂಕ ಕಡಿಮೆಯಾದ ಮಕ್ಕಳೂ ಅಪ್ಪ ಅಮ್ಮಂದಿರ ಜೊತೆ ಕುಳಿತು ಚಪ್ಪಾಳೆ ತಟ್ಟುತ್ತಿರುತ್ತಾರೆ. ಅಂಥ ಒಂದು ಮಧ್ಯಾಹ್ನ ಎಲ್ಲ ಮಕ್ಕಳನ್ನೂ ಸೇರಿಸಿ, ಅಂಕದ ಮಾತಿಲ್ಲದೆ, ವರ್ಷದ ನೆನಪು ಹೇಳಿಕೊಳ್ಳಲು ಬಿಡಬಹುದು. ದಯವಿಟ್ಟು ಅದಕ್ಕೂ ಒಂದು ಸ್ಪರ್ಧೆ, ಮೂರು ಬಹುಮಾನ ಎಂದು ಮಾಡದಿರೋಣ.

ನಿವೃತ್ತಿಯ ದಿನ ಶಾಲೆಯವರು ಹೂಗುಚ್ಛ ಕೊಟ್ಟರು, ಹುಡುಗಿಯರು ಹಾಡಿದರು. ಸಂಜೆ ಖಾಲಿ ತರಗತಿಯಲ್ಲಿ ಕುಳಿತು ನಾನೂ ಆ ನಾಲ್ಕು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆದೆ. ಮೊದಲನೆಯದಕ್ಕೆ ಒಂದು ಪುಟ ಸಾಲಲಿಲ್ಲ. ಮೂರನೆಯದಕ್ಕೆ ಒಂದೇ ಸಾಲು ಬರೆದೆ: 1998, ಎಂಟನೆಯ ತರಗತಿ, ಕಿಟಕಿಯ ಪಕ್ಕದ ಮೂರನೆಯ ಬೆಂಚು. ಆಕೆಗೆ ಈಗ ನಲವತ್ತು ದಾಟಿರಬೇಕು. ಎಲ್ಲಿದ್ದಾಳೋ ತಿಳಿಯದು. ಆಕೆ ಕನ್ನಡದವಳಲ್ಲ, ಈ ಪತ್ರಿಕೆ ಆಕೆಯ ಕೈಸೇರುವ ಸಂಭವವೂ ಇಲ್ಲ. ಆದರೂ ಅವಳ ಲಕೋಟೆಯನ್ನು ತೆರೆದು ಓದಿದವಳು ನಾನು. ಅದರ ಹೊಣೆಯನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳುವುದು ನ್ಯಾಯವೆಂದು ತೋರಿತು.